ಸಾಣಿಗೆಯ ನೀಲಿ

ಧಾರವಾಡಕ್ಕೆ ಸಮುದ್ರವಿಲ್ಲ. ಆದರೂ ಸಾಗರತಳ ಅಧ್ಯಯನ ಕೇಂದ್ರವನ್ನು ಕಟ್ಟಿಸಿದ್ದು ಧಾರವಾಡದ ಹೊರಗಿನ ಗುಡ್ಡದ ಮೇಲೆ. ಯಾಕೆ ಎಂದರೆ ಜಾಗ ಇಲ್ಲಿ ಸಿಕ್ಕಿತು, ಅಷ್ಟೇ. ಅರಬ್ಬಿ ಸಮುದ್ರದ ತಳ ಕೊರೆದು ತೆಗೆದ ಕೆಸರು ಉದ್ದನೆಯ ಕೊಳವೆಗಳಲ್ಲಿ ತುಂಬಿ, ಲಾರಿ ಹತ್ತಿ, ಘಟ್ಟ ಏರಿ ಇಲ್ಲಿಗೆ ಬರುತ್ತದೆ. ಅದನ್ನು ಗೇಟಿನಲ್ಲಿ ಇಳಿಸುವ ಹಮಾಲರು, ಇದನ್ನು ಇವರು ತಿನ್ನುತ್ತಾರೋ ಮೈಗೆ ಹಚ್ಚಿಕೊಳ್ಳುತ್ತಾರೋ ಎಂದು ಇವತ್ತಿಗೂ ಕೇಳುತ್ತಾರೆ.

ಆ ಕೆಸರಿನಲ್ಲಿ ಇರುವುದು ಚಿಪ್ಪು. ಒಂದೇ ಜೀವಕೋಶದ ಪ್ರಾಣಿಗಳು ಕೋಣೆಗೆ ಕೋಣೆ ಸೇರಿಸುತ್ತಾ ಸುರುಳಿಯಾಗಿ ಕಟ್ಟಿಕೊಂಡ ಮನೆಗಳು. ಉಸುಕಿನ ಕಣಕ್ಕಿಂತ ದೊಡ್ಡವಲ್ಲ. ಪ್ರಾಣಿ ಸತ್ತು ಲಕ್ಷಾಂತರ ವರ್ಷವಾದರೂ ಮನೆ ಉಳಿಯುತ್ತದೆ, ಆ ಕಾಲದ ಕಡಲು ಬಿಸಿ ಇತ್ತೋ ತಂಪಿತ್ತೋ ಎಂಬುದನ್ನು ಬಲ್ಲವರಿಗೆ ಹೇಳುತ್ತದೆ. ಡಾ. ದಾಕ್ಷಾಯಣಿ ಕಡಪಟ್ಟಿ ಬಲ್ಲವಳು. ಕೆಸರನ್ನು ಸಾಣಿಗೆ ಎಂಬ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಒಣಗಿಸಿ, ಕಪ್ಪು ತಟ್ಟೆಯ ಮೇಲೆ ಹರವಿ, ಸೂಕ್ಷ್ಮದರ್ಶಕದಡಿ ನೋಡುತ್ತಾ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿ ಬೇರೆ ಮಾಡುವುದು ಅವಳ ಕೆಲಸ. ಕುಂಚದ ತುದಿಯನ್ನು ನಾಲಗೆಗೆ ತಾಕಿಸಿ ಚೂಪು ಮಾಡಿಕೊಳ್ಳುವುದು ಈ ಕಸುಬಿನವರ ಚಾಳಿ. ಹಾಗೆ ಮಾಡಬಾರದೆಂದು ಗೋಡೆಯ ಮೇಲೆ ಬರೆದಿದೆ. ಬರೆಸಿದವರೂ ಹಾಗೇ ಮಾಡುತ್ತಾರೆ.

ಇನ್ನೊಂದು ಪದ್ಧತಿಯನ್ನು ಮಾತ್ರ ಯಾರೂ ಮೀರುವುದಿಲ್ಲ. ಒಂದು ಮಾದರಿ ತೊಳೆದಾದ ಮೇಲೆ ಸಾಣಿಗೆಯನ್ನು ಬೋರಲು ಹಾಕಿ ಬಡಿದು, ಹಿಂದಿನಿಂದ ನೀರು ಹಾಯಿಸಿ, ಕೊನೆಗೆ ನೀಲಿ ಬಣ್ಣದ ನೀರಿನಲ್ಲಿ ಅದ್ದಬೇಕು. ಎಷ್ಟು ಬಡಿದರೂ ಒಂದೆರಡು ಚಿಪ್ಪು ಸಾಣಿಗೆಯ ಕಣ್ಣಿನಲ್ಲಿ ಸಿಕ್ಕಿಕೊಂಡೇ ಇರುತ್ತವೆ. ಅವು ನೀಲಿಯಾಗುತ್ತವೆ. ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನ ಮಾದರಿಯಿಂದ ಬಂದ ಬಿಟ್ಟಿ ಅತಿಥಿ ಎಂದು ತಿಳಿದು ಎತ್ತಿ ಎಸೆಯುತ್ತಾರೆ. ಇಲ್ಲದಿದ್ದರೆ ಒಂದು ಕಾಲದ ಕಡಲು ಇನ್ನೊಂದು ಕಾಲದ ಕಡಲಿನೊಳಗೆ ಕಲೆತು ಎಲ್ಲ ಅಧ್ವಾನವಾಗುತ್ತದೆ.

ದಾಕ್ಷಾಯಣಿಯ ಗಂಡ ಗುರುಪಾದನೂ ಅದೇ ಕೇಂದ್ರದಲ್ಲಿದ್ದ. ಅವನು ಯಂತ್ರದ ಮನುಷ್ಯ. ಚಿಪ್ಪು ಆರಿಸುವುದನ್ನು ಅವನಿಗೆ ಕಲಿಸಿದವಳು ಅವಳೇ. ಮೊದಮೊದಲು ಅವನು ಕುಂಚ ಹಿಡಿಯುವ ಚೆಂದ ನೋಡಿ, ಗೋಡೆಗೆ ಸುಣ್ಣ ಬಳಿಯಲು ಬಂದಿದ್ದೀರಾ ಎಂದು ನಕ್ಕಿದ್ದಳು. ಅವನ ತಲೆಯಲ್ಲಿ ಬಹಳ ಕಾಲದಿಂದ ಒಂದೇ ಪ್ರಶ್ನೆ: ಈ ಚಿಪ್ಪುಗಳಲ್ಲಿ ಎಲ್ಲವೂ ಸತ್ತಿಲ್ಲದಿದ್ದರೆ? ಕೆಟ್ಟ ಕಾಲ ಬಂದಾಗ ಇವುಗಳಲ್ಲಿ ಕೆಲವು ಬಾಯಿಗೆ ಬಿರಡೆ ಹಾಕಿಕೊಂಡು ಮಲಗಿಬಿಡುತ್ತವೆ, ವರ್ಷಗಟ್ಟಲೆ ಕಳೆದು ಏಳುತ್ತವೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಉಪ್ಪು ಮತ್ತು ಜೇಡಿಮಣ್ಣಿನ ನಡುವೆ ಗಾಳಿಯಾಡದಂತೆ ಸಿಕ್ಕಿಕೊಂಡದ್ದು ಲಕ್ಷ ವರ್ಷ ಮಲಗಿದ್ದರೆ?

ಅದಕ್ಕಾಗಿ ಅವನು ಒಂದು ಯಂತ್ರ ಕಟ್ಟಿದ. ಅದರ ಹೆಸರು ಎಚ್ಚರ ಪೆಟ್ಟಿಗೆ. ನಿದ್ದೆ ಎಷ್ಟು ನಿಧಾನವಾಗಿ ಬಂದಿರಬಹುದೋ ಅಷ್ಟೇ ನಿಧಾನವಾಗಿ ಅದು ಚಿಪ್ಪಿಗೆ ನೀರು, ಉಪ್ಪು, ಬಿಸಿ ಕೊಡುತ್ತದೆ. ಜೀವಕೋಶದೊಳಗೆ ತುಂಡಾದ ಎಳೆಗಳನ್ನು ಬೆಸೆಯುವ ರಸವನ್ನು ಹನಿಹನಿಯಾಗಿ ಬಿಡುತ್ತದೆ. ಊಟದ ಹೊತ್ತಿನಲ್ಲಿ ಜನ ಅವನನ್ನು, ನಿಮ್ಮ ಕುಂಭಕರ್ಣ ಎದ್ದನೇ ಎಂದು ಕೇಳುತ್ತಿದ್ದರು. ದಾಕ್ಷಾಯಣಿಯೂ ಕೇಳುತ್ತಿದ್ದಳು. ಹೋದ ಚಳಿಗಾಲದಲ್ಲಿ ಒಂದು ದಿನ ಕುಂಭಕರ್ಣ ನಿಜವಾಗಿಯೂ ಎದ್ದ.

ಐದೂವರೆ ಕೋಟಿ ವರ್ಷದ ಕೆಸರಿನಿಂದ ಬಂದ ಒಂದು ಚಿಪ್ಪು ಬಾಯಿಯ ಬಿರಡೆ ಕಳಚಿ, ಕೂದಲಿಗಿಂತ ತೆಳುವಾದ ಎಳೆಗಳನ್ನು ಹೊರಗೆ ಚಾಚಿತು. ಹಸಿರು ಪಾಚಿ ಕೊಟ್ಟರೆ ಎಳೆದುಕೊಂಡು ತಿಂದಿತು. ಕೇಂದ್ರದಲ್ಲಿ ಕುಣಿದಾಡಿದರು. ನಿರ್ದೇಶಕರು ಆ ಜೀವಿಗೆ ಗುರುಪಾದಿಯಾ ಎಂದು ಹೆಸರಿಟ್ಟರು. ಪತ್ರಿಕೆಗಳಲ್ಲಿ ಗುರುಪಾದನ ಚಿತ್ರ ಬಂತು. ಅದರ ಕೆಳಗೆ, ಪತ್ನಿಯ ಸಹಕಾರವನ್ನೂ ಅವರು ಸ್ಮರಿಸಿದರು ಎಂದು ಅರ್ಧ ಸಾಲು ಇತ್ತು.

ದಾಕ್ಷಾಯಣಿಗೆ ಹೊಟ್ಟೆಕಿಚ್ಚಾಯಿತು. ಇದನ್ನು ನಯವಾದ ಮಾತಿನಲ್ಲಿ ಹೇಳಲು ಬರುವುದಿಲ್ಲ. ಅವಳಿಗೆ ಊಟ ಸೇರಲಿಲ್ಲ. ಇಡೀ ಕೇಂದ್ರದಲ್ಲಿ ಅವಳಷ್ಟು ಒಳ್ಳೆಯ ಕಣ್ಣು ಇನ್ನೊಬ್ಬರಿಗಿರಲಿಲ್ಲ, ಇದು ಅವಳೇ ಹೇಳಿಕೊಳ್ಳುವ ಮಾತಲ್ಲ, ಎಲ್ಲರೂ ಹೇಳುತ್ತಿದ್ದರು. ಹೇಳಿ ಸುಮ್ಮನಾಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಗಂಡ ಕೆಟ್ಟವನಾಗಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಮನಸ್ಸು ಬಿಚ್ಚಿ ದ್ವೇಷಿಸಬಹುದಿತ್ತು. ಅವನಾದರೋ ಬಂದವರಿಗೆಲ್ಲ ತನ್ನ ಮನೆಯಾಕೆ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಎಂದು ಹೇಳುತ್ತಿದ್ದ. ಬಂದವರು ಅವಳು ಮಾಡಿದ ಚಹಾ ಕುಡಿಯುತ್ತಾ ಹೌದು ಹೌದು ಎಂದು ತಲೆದೂಗುತ್ತಿದ್ದರು.

ಅತ್ತೆ ಈರವ್ವನದು ಬೇರೆ ಸಡಗರ. ತನ್ನ ಮಗ ಉಸುಕಿನ ಕಾಳಿಗೆ ಜೀವ ತುಂಬಿದ ಎಂದು ಓಣಿಯಲ್ಲೆಲ್ಲ ಹೇಳಿ ಬಂದಳು. ಪತ್ರಿಕೆಯ ಚಿತ್ರ ಕತ್ತರಿಸಿ ದೇವರ ಕೋಣೆಯಲ್ಲಿ ಇಟ್ಟು, ದಾಕ್ಷಾಯಣಿಗೆ ಅದಕ್ಕೂ ಒಂದು ಊದಿನಕಡ್ಡಿ ಹಚ್ಚಲು ಹೇಳಿದಳು. ದಾಕ್ಷಾಯಣಿ ಹಚ್ಚಿದಳು, ಹೊಗೆ ಚಿತ್ರದ ಮುಖಕ್ಕೇ ಹೋಗುವ ಹಾಗೆ ಇಟ್ಟಳು.

ಈ ಗುರುಪಾದಿಯಾದ ಬೆಲೆ ಬರೀ ಅದರ ವಯಸ್ಸಿನಲ್ಲಿ ಇರಲಿಲ್ಲ. ಆ ಹೊತ್ತಿಗೆ ಕಡಲು ಹುಳಿಯಾಗುತ್ತಾ ಬಂದಿತ್ತು. ಮನುಷ್ಯರು ಇಷ್ಟು ಕಾಲ ಬಿಟ್ಟ ಹೊಗೆಯನ್ನೆಲ್ಲ ನೀರು ಕುಡಿದು ಹುಳಿಯಾಗಿ, ಚಿಪ್ಪು ಕಟ್ಟುವ ಜೀವಿಗಳು ಚಿಪ್ಪು ಕಟ್ಟಲಾರದೆ ಸೊರಗುತ್ತಿದ್ದವು. ಅಘನಾಶಿನಿಯ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪಿಮೀನು ಆರಿಸಿ ಬದುಕುವ ಹೆಂಗಸರಿದ್ದಾರೆ. ಅವರಲ್ಲಿ ಕೆಲವರು ಒಂದು ದಿನ ಟೆಂಪೋ ಮಾಡಿಕೊಂಡು ಕೇಂದ್ರಕ್ಕೆ ಬಂದರು. ಮಾದೇವಿ ಅಂಬಿಗ ಎಂಬುವಳು ಸೆರಗಿನ ಗಂಟು ಬಿಚ್ಚಿ ಒಂದು ಬೆಳಚನ್ನು ಮೇಜಿನ ಮೇಲೆ ಇಟ್ಟಳು. ಅದರ ಚಿಪ್ಪು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ದಾಕ್ಷಾಯಣಿ ಬೆರಳಲ್ಲಿ ಎತ್ತಿದ ಕೂಡಲೇ ಮುರಿಯಿತು. ಬೆಳಚು ಹೋದರೆ ತಮಗೆ ಬೇರೆ ಕೆಲಸ ಬರುವುದಿಲ್ಲ ಎಂದು ಮಾದೇವಿ ಹೇಳಿದಳು. ನಿಮ್ಮ ಆ ಹುಳ ಹುಳಿ ನೀರಲ್ಲೂ ಮನೆ ಕಟ್ಟುತ್ತದಂತೆ, ಹೌದೇ ಎಂದು ಕೇಳಿದಳು.

ಹೌದಾಗಿತ್ತು. ಐದೂವರೆ ಕೋಟಿ ವರ್ಷದ ಹಿಂದಿನ ಕಡಲೂ ಒಮ್ಮೆ ಹೀಗೇ ಹುಳಿಯಾಗಿತ್ತು, ಈ ಜೀವಿ ಅದರಲ್ಲೇ ಬದುಕಿತ್ತು. ಅದು ಚಿಪ್ಪಿನ ಮೇಲೆ ಬಳಿದುಕೊಳ್ಳುವ ಒಂದು ಬಗೆಯ ಲೋಳೆ ಹುಳಿಯನ್ನು ತಡೆಯುತ್ತಿತ್ತು. ಎಳೆಯ ಬೆಳಚುಗಳನ್ನು ಆ ಲೋಳೆಯಲ್ಲಿ ಅದ್ದಿದರೆ ಅವೂ ಬದುಕಿಯಾವು. ಆದರೆ ಇದ್ದದ್ದು ಒಂದೇ ಒಂದು ಗುರುಪಾದಿಯಾ. ಜೊತೆಗಾರ ಇಲ್ಲದೆ ಅದು ಮರಿ ಮಾಡುತ್ತಿರಲಿಲ್ಲ. ಅದು ಬಂದ ಪದರವನ್ನೇ ಮತ್ತೆ ಕೊರೆದು ಇನ್ನಷ್ಟು ತರಬೇಕಾಗಿತ್ತು. ಕಡಲಿನಲ್ಲಿ ಉತ್ತರದ ಬಾವಿ, ದಕ್ಷಿಣದ ಬಾವಿ ಎಂದು ಎರಡು ಕಡೆ ಕೇಂದ್ರದವರು ಮೊದಲು ಕೊರೆದಿದ್ದರು. ಗುರುಪಾದನ ಮಾದರಿ ಉತ್ತರದ್ದು. ಹಡಗಿಗೆ ಒಂದೇ ಪ್ರಯಾಣಕ್ಕೆ ಒಪ್ಪಿಗೆ ಸಿಕ್ಕಿತ್ತು, ಒಂದೇ ಬಾವಿಗೆ. ಉತ್ತರಕ್ಕೆ ಎಂದು ನಿಶ್ಚಯವಾಯಿತು. ಗುರುಪಾದ ಮಾತ್ರ ಎರಡೂ ಕಡೆ ಹೋದರೆ ಒಳ್ಳೆಯದಿತ್ತು ಎಂದು ಸಭೆಯಲ್ಲಿ ಗೊಣಗಿದ. ಕಾರಣ ಕೇಳಿದರೆ ಹೇಳಲಿಲ್ಲ.

ಒಂದು ಭಾನುವಾರ ಹುಬ್ಬಳ್ಳಿಯಲ್ಲಿ ಅವನಿಗೆ ಸನ್ಮಾನವಿತ್ತು. ಜೀವಿಗೆ ಪಾಚಿ ಹಾಕುವ ಕೆಲಸ ದಾಕ್ಷಾಯಣಿಯ ಪಾಲಿಗೆ ಬಂತು. ಅಲ್ಲಿ ಅವನಿಗೆ ಶಾಲು, ಇಲ್ಲಿ ತನಗೆ ಅವನ ಹುಳದ ಚಾಕರಿ ಎಂದುಕೊಳ್ಳುತ್ತಲೇ ಅವಳು ಮಧ್ಯಾಹ್ನ ಪ್ರಯೋಗಾಲಯಕ್ಕೆ ಹೋದಳು. ಎಲ್ಲರೂ ಆ ಜೀವಿಯನ್ನು ಮೇಲಿನ ದೀಪದ ಬೆಳಕಿನಲ್ಲೇ ನೋಡುತ್ತಿದ್ದರು, ಚಿತ್ರಕ್ಕೆ ಅದೇ ಚೆಂದ. ಅವಳು ಅಭ್ಯಾಸದಂತೆ ಕೆಳಗಿನ ದೀಪ ಹಚ್ಚಿದಳು. ಬೆಳಕು ಚಿಪ್ಪಿನೊಳಗೆ ಹಾದು ಬಂತು. ಜೀವಿ ತನ್ನ ಕೋಣೆಗಳಿಂದ ಹಳೆಯ ಮಣ್ಣನ್ನು ಬಹುಪಾಲು ಹೊರಗೆ ತಳ್ಳಿತ್ತು. ನಡುವಿನ ಎಲ್ಲಕ್ಕಿಂತ ಸಣ್ಣ ಕೋಣೆಯಲ್ಲಿ ಮಾತ್ರ ಒಂದು ಚುಕ್ಕೆ ಜೇಡಿ ಉಳಿದಿತ್ತು. ಅದು ನೀಲಿಯಾಗಿತ್ತು.

ಹೊರಮೈಗೆ ತೆಳ್ಳಗೆ ಹತ್ತಿದ್ದ ಬಣ್ಣ ಆರಿಸುವಾಗ ಕಣ್ಣಿಗೆ ಬೀಳದೆ ಹೋಗಿ, ಆಮೇಲೆ ಪೆಟ್ಟಿಗೆಯ ರಸದಲ್ಲಿ ತೊಳೆದುಹೋಗಿತ್ತು. ಒಳಗಿನ ಜೇಡಿ ಹೀರಿಕೊಂಡ ನೀಲಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಹಾಗಾದರೆ ಈ ಚಿಪ್ಪು ಗುರುಪಾದನ ಮಾದರಿಯದ್ದೇ ಅಲ್ಲ, ಹಿಂದಿನ ಮಾದರಿಯಿಂದ ಸಾಣಿಗೆಯಲ್ಲಿ ಸಿಕ್ಕಿ ಉಳಿದದ್ದು. ದಾಕ್ಷಾಯಣಿಗೆ ಎಷ್ಟು ಸಂತೋಷವಾಯಿತೆಂದರೆ ಅವಳು ಎದ್ದು ನಿಂತು ಕಿಟಕಿ ತೆರೆದಳು. ಗಂಡ ಅಲ್ಲಿ ಯಾರದೋ ಚಿಪ್ಪಿಗೆ ಶಾಲು ಹೊದೆಯುತ್ತಿದ್ದಾನೆ. ಉಂಡೂ ಹೋದ, ಕೊಂಡೂ ಹೋದ.

ಆಮೇಲೆ, ಹಿಂದಿನ ಮಾದರಿ ಯಾರದು ಎಂದು ನೆನಪಾಯಿತು. ಅವಳದೇ. ದಕ್ಷಿಣದ ಬಾವಿಯ ಅದೇ ಕಾಲದ ಪದರದ್ದು. ಆ ದಿನ ಎಚ್ಚರ ಪೆಟ್ಟಿಗೆ ನೋಡಲು ದಿಲ್ಲಿಯಿಂದ ಬಂದವರಿಗೆ ಮನೆಯಲ್ಲಿ ಊಟವಿತ್ತು. ಹೋಳಿಗೆಗೆ ಕಣಕ ನಾದಬೇಕೆಂದು ಅತ್ತೆ ಎರಡು ಸಲ ಫೋನು ಮಾಡಿದ್ದಳು. ಅವಳು ಸಾಣಿಗೆಯನ್ನು ಬಡಿಯದೆ, ಹಿಂದಿನಿಂದ ನೀರು ಹಾಯಿಸದೆ, ನೀಲಿಯಲ್ಲಿ ಒಮ್ಮೆ ಅದ್ದಿ, ಕೈಚಾಚಿ ನಿಂತಿದ್ದ ಗುರುಪಾದನಿಗೆ ಕೊಟ್ಟು ಓಡಿದ್ದಳು. ಮರುದಿನ ತನ್ನ ತಟ್ಟೆಯಲ್ಲಿ ಏನೂ ಸಿಗದೆ ಮಾದರಿ ಬರಿದು ಎಂದು ವರದಿ ಕೊಟ್ಟಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಗಂಡನ ಬಾಯಿಗೆ ಹೋಗಿತ್ತು, ಅದೂ ಅವನ ಅತಿಥಿಗಳಿಗೆ ಹೋಳಿಗೆ ಬೇಯಿಸುವ ಹೊತ್ತಿನಲ್ಲಿ.

ಈಗ ಅವಳ ಮುಂದೆ ಎರಡು ದಾರಿ ಇದ್ದವು. ಸುಮ್ಮನಿದ್ದರೆ ಹಡಗು ಉತ್ತರಕ್ಕೆ ಹೋಗಿ ಬರಿಗೈಯಲ್ಲಿ ಬರುತ್ತದೆ. ಗುರುಪಾದನ ಹೆಸರು ಮಣ್ಣುಪಾಲಾಗುತ್ತದೆ, ಅವಳ ಕೈಗೆ ಮಸಿ ಹತ್ತುವುದಿಲ್ಲ. ಬೆಳಚು ಆರಿಸುವವರೂ ಅದರ ಜೊತೆಗೇ ಮಣ್ಣುಪಾಲಾಗುತ್ತಾರೆ. ಹೇಳಿದರೆ ಹಡಗು ಸರಿಯಾದ ಕಡೆ ಹೋಗುತ್ತದೆ, ಆದರೆ ಸಾಣಿಗೆ ಬಡಿಯಲು ಬಾರದವಳು ಎಂಬ ಮಾತು ಅವಳಿಗೆ ಅಂಟುತ್ತದೆ. ವಾರವೆಲ್ಲ ಅವಳು ಬಾಯಿ ಬಿಡಲಿಲ್ಲ. ಗಂಡನ ಮೂಗು ಕುಯ್ಯುವ ಆಸೆ ಅವಳಿಗೆ ನಿಜವಾಗಿಯೂ ಇತ್ತು. ಮಾದೇವಿಯ ಬೆಳಚಿನ ಚೂರು ಅವಳ ಮೇಜಿನ ಮೇಲೇ ಇತ್ತು, ಅದನ್ನು ಎತ್ತಿ ಎಸೆಯಲೂ ಕೈ ಬರಲಿಲ್ಲ.

ಕೊನೆಗೆ ಅವಳ ಬಾಯಿ ಬಿಡಿಸಿದ್ದು ಧರ್ಮವೂ ಅಲ್ಲ, ದಯೆಯೂ ಅಲ್ಲ. ಹಡಗಿನ ಕೊನೆಯ ಸಭೆಯ ದಿನ ಬೆಳಿಗ್ಗೆ ಈರವ್ವ ರೊಟ್ಟಿ ಬಡಿಯುತ್ತಾ, ಪಾಠದ ಪುಸ್ತಕದಲ್ಲೂ ಗುರುಪಾದಿಯಾ ಎಂದು ಬರುತ್ತದಂತೆ, ಇನ್ನು ನನ್ನ ಮಗನ ಹೆಸರು ಸೂರ್ಯಚಂದ್ರರಿರುವ ತನಕ ಇರುತ್ತದೆ ಎಂದಳು. ತನ್ನ ಚಿಪ್ಪಿಗೆ ಸೂರ್ಯಚಂದ್ರರಿರುವ ತನಕ ಅವನ ಹೆಸರು. ದಾಕ್ಷಾಯಣಿಗೆ ಅದನ್ನು ಕೇಳಿಯೂ ಕುಳಿತಿರಲು ಆಗಲಿಲ್ಲ. ಅತ್ತೆ ನೀರು ತರಲು ಹಿತ್ತಲಿಗೆ ಹೋದ ಹೊತ್ತು ನೋಡಿ ಅವಳು ಗಂಡನ ಮುಂದೆ ಕುಳಿತಳು.

"ನಿಮ್ಮ ಹುಳದ ನಡುವಿನ ಕೋಣ್ಯಾಗ ನೀಲಿ ಐತ್ರಿ," ಎಂದಳು.

ಗುರುಪಾದ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟ. ಅವಳತ್ತ ನೋಡಲಿಲ್ಲ.

"ಗೊತ್ತೈತಿ," ಎಂದ.

"ಯಾವಾಗಿಂದ?"

"ಅದು ಎದ್ದ ದಿನದಿಂದ. ನಾನೂ ಕೆಳಗಿನ ದೀಪ ಹಚ್ಚಿ ನೋಡಿದ್ನಿ. ನೀನ ಕಲಿಸಿದ್ದಲ್ಲೇನು?"

ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಹಡಗನ್ನು ತಪ್ಪು ಕಡೆ ಕಳಿಸಲು ಹೊರಟಿದ್ದೀರಾ ಎಂದು ಕೇಳಿದಳು. ಎರಡೂ ಕಡೆ ಕೊರೆಯಿರಿ ಎಂದು ತಾನು ಹೇಳಿ ನೋಡಿದ್ದನ್ನು ಅವನು ನೆನಪು ಮಾಡಿದ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬಂದಿರಲಿಲ್ಲ. ಸ್ವಲ್ಪ ಹೊತ್ತು ರೊಟ್ಟಿಯ ಅಂಚನ್ನು ಮುರಿಯುತ್ತಾ ಕುಳಿತ.

"ಆ ಕೇಂದ್ರದಾಗ ನಾ ಏನ ತಂದು ಇಟ್ರೂ ಎಲ್ಲಾರೂ ಕೇಳೂದು ಒಂದ ಮಾತು, ದಾಕ್ಷಾಯಣಿ ಮೇಡಂ ನೋಡ್ಯಾರೇನು ಅಂತ. ಇದೊಂದಕ್ಕ ಯಾರೂ ಹಂಗ ಕೇಳಲಿಲ್ಲ. ನಂದು ಅನ್ನೂದು ಒಂದರ ಇರಲಿ ಅನ್ನಿಸ್ತು, ದಾಕ್ಷಾ. ನಿನ್ನ ಕಣ್ಣಿನ ಮ್ಯಾಲ ನನಗ ಎಷ್ಟು ಹೊಟ್ಟಿಕಿಚ್ಚು ಐತಿ ಅನ್ನೂದು ನಿನಗ ಗೊತ್ತಿಲ್ಲ."

ಇದನ್ನು ಕೇಳಿ ಅವಳಿಗೆ ಮರುಕ ಬರಬೇಕಿತ್ತು. ಬಂದದ್ದು ಖುಷಿ. ಇಷ್ಟು ಕಾಲ ಒಂದೇ ಹಾಸಿಗೆಯಲ್ಲಿ ಮಲಗಿ ಇವನೂ ಉರಿಯುತ್ತಿದ್ದ, ಅದೂ ತನ್ನನ್ನು ನೋಡಿ ಎಂಬುದು ಅವಳಿಗೆ ಯಾವ ಸನ್ಮಾನಕ್ಕಿಂತ ದೊಡ್ಡದಾಗಿ ಕಂಡಿತು. ಆದರೂ ಬಿಡಲಿಲ್ಲ. ಇವತ್ತು ಸಭೆಯಲ್ಲಿ ಹೇಳುವವಳು ನಾನು ಎಂದಳು. ತಾನು ಸಾಣಿಗೆ ಬಡಿಯದೆ ಹೋದದ್ದನ್ನೂ ಹೇಳುತ್ತೇನೆ, ಏನೂ ಮುಚ್ಚಿಡುವುದಿಲ್ಲ ಎಂದಳು. ಅವನು ಆಗಲಿ ಎಂದು ತಲೆಯಾಡಿಸಿದ.

ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಮೊದಲು ನೀಲಿಯನ್ನು ಪರದೆಯ ಮೇಲೆ ತೋರಿಸಬೇಕು. ಒಂದು ಕ್ಷಣ ಎಲ್ಲರೂ ಉಸಿರು ಬಿಗಿಹಿಡಿಯಲಿ. ಆಮೇಲೆ ಸಾಣಿಗೆಯ ಮಾತು, ಆಮೇಲೆ ದಕ್ಷಿಣದ ಬಾವಿ. ಇದು ನನ್ನದು ಎಂಬ ಮಾತನ್ನು ಕೊನೆಗೆ ಹೇಳಬೇಕು.

ಸಭೆಯಲ್ಲಿ ನಿರ್ದೇಶಕರು ಉತ್ತರದ ಬಾವಿಯ ನಕ್ಷೆ ಬಿಡಿಸಿದರು. ದಾಕ್ಷಾಯಣಿ ಕುರ್ಚಿ ಹಿಂದೆ ಸರಿಸಿ ಏಳುವಷ್ಟರಲ್ಲಿ ಪಕ್ಕದಲ್ಲಿದ್ದ ಗುರುಪಾದ ಎದ್ದು ನಿಂತಿದ್ದ.

"ಇದು ನಂದಲ್ರಿ. ದಾಕ್ಷಾಯಣಿದು. ದಕ್ಷಿಣದ ಬಾವ್ಯಾಗಿಂದು," ಎಂದ.

ನೀಲಿಯ ವಿಷಯವನ್ನು ಅವನೇ ಹೇಳಿದ. ಗೊತ್ತಿದ್ದೂ ಸುಮ್ಮನಿದ್ದುದನ್ನೂ ಹೇಳಿದ. ಸಾಣಿಗೆ ಬಡಿಯದ ಮಾತನ್ನು ಮಾತ್ರ ಹೇಳಲಿಲ್ಲ. ಚಿಪ್ಪು ಸಿಕ್ಕಿಕೊಳ್ಳುವುದು ಯಾರ ಕೈಯಲ್ಲಾದರೂ ಆಗುವುದೇ ಎಂದುಬಿಟ್ಟ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ನಿರ್ದೇಶಕರ ಕಣ್ಣು ಒದ್ದೆಯಾಗಿತ್ತು. ವಿಜ್ಞಾನದಲ್ಲಿ ಇಂಥ ದೊಡ್ಡ ಮನಸ್ಸನ್ನು ತಾನು ಕಂಡಿಲ್ಲ ಎಂದು ಅವರು ಗುರುಪಾದನ ಕೈ ಹಿಡಿದುಕೊಂಡರು. ದಾಕ್ಷಾಯಣಿ ಅರ್ಧ ಎದ್ದವಳು ಹಾಗೇ ಕುಳಿತಳು. ಆಮೇಲೆ ಎದ್ದು, ಸಾಣಿಗೆ ಬಡಿಯದವಳು ನಾನು ಎಂದು ಗಟ್ಟಿಯಾಗಿಯೇ ಹೇಳಿದಳು. ಜನ ಅದನ್ನು ಹೆಂಡತಿಯ ವಿನಯ ಎಂದುಕೊಂಡು ಅದಕ್ಕೂ ಚಪ್ಪಾಳೆ ತಟ್ಟಿದರು.

ಜೀವಿಯ ಹೆಸರು ದಾಕ್ಷಾಯಣಿಯಾ ಎಂದಾಯಿತು. ಹಡಗು ದಕ್ಷಿಣಕ್ಕೆ ಹೊರಡುವುದೆಂದಾಯಿತು. ಪತ್ರಿಕೆಯಲ್ಲಿ ಮತ್ತೆ ಗುರುಪಾದನ ಚಿತ್ರವೇ ಬಂತು: ಕೀರ್ತಿಯನ್ನು ಮಡದಿಗೆ ಧಾರೆಯೆರೆದ ವಿಜ್ಞಾನಿ. ನನ್ನ ಮಗ ಆ ಹುಳವನ್ನು ಹೆಂಡತಿಗೆ ಕೊಟ್ಟುಬಿಟ್ಟ ಎಂದು ಈರವ್ವ, ಇಳಕಲ್ಲ ಸೀರೆ ಕೊಡಿಸಿದ್ದನ್ನು ಹೇಳುವ ಹಾಗೆ ಓಣಿಯಲ್ಲಿ ಹೇಳಿದಳು. ನಾನೇ ಹೇಳುತ್ತೇನೆಂದ ಮೇಲೂ ಯಾಕೆ ಎದ್ದಿರಿ ಎಂದು ದಾಕ್ಷಾಯಣಿ ಕೇಳಿದಳು. ನೀನು ಹೇಳಿದ್ದರೆ ನಾನು ಕಳ್ಳನಾಗುತ್ತಿದ್ದೆ ಎಂದ ಗುರುಪಾದ. ಅದು ನಿಜವಾಗಿತ್ತು, ಅದಕ್ಕೇ ಅವಳಿಗೆ ಜಗಳ ಮಾಡಲೂ ಆಗಲಿಲ್ಲ. ಹಡಗಿನಲ್ಲಿ ಹೋಗುವವಳು ನಾನೊಬ್ಬಳೇ, ನೀವು ಬರಕೂಡದು ಎಂದು ಮಾತ್ರ ಹೇಳಿದಳು.

ಹಡಗು ಕಾರವಾರ ಬಿಟ್ಟಿತು. ಮೊದಲೆರಡು ದಿನ ದಾಕ್ಷಾಯಣಿ ವಾಂತಿ ಮಾಡಿಕೊಳ್ಳುತ್ತಾ ಮಲಗಿದ್ದಳು. ಇಷ್ಟು ಕಾಲ ಕಡಲನ್ನು ತಟ್ಟೆಯಲ್ಲಿ ಹರವಿ ನೋಡಿದವಳು ಅದರ ಮೇಲೆ ಹೋದದ್ದು ಇದೇ ಮೊದಲು. ಆಮೇಲೆ ಕೊಳವೆಗಳು ಮೇಲೆ ಬರತೊಡಗಿದವು. ಅವಳು ಕೆಸರನ್ನು ತಾನೇ ತೊಳೆದಳು. ಸಾಣಿಗೆಯನ್ನು ಎಷ್ಟು ಬಡಿದಳೆಂದರೆ ಹಡಗಿನವರು ಏನಾಯಿತೆಂದು ನೋಡಲು ಬಂದರು. ಮೊದಲ ತಟ್ಟೆಗಳಲ್ಲಿ ಏನೂ ಇರಲಿಲ್ಲ. ಕಪ್ಪು ಜೇಡಿಯ ಪದರ ಬಂದ ದಿನ, ಬಾಯಿಗೆ ಬಿರಡೆ ಹಾಕಿಕೊಂಡ ಸುರುಳಿ ಚಿಪ್ಪುಗಳು ತಟ್ಟೆಯ ತುಂಬ ಕಂಡವು. ಅವಳು ಕುಂಚ ಚೂಪು ಮಾಡಿಕೊಂಡು ಒಂದೊಂದನ್ನೇ ಎತ್ತಿ, ಜೊತೆಗೆ ತಂದಿದ್ದ ಚಿಕ್ಕ ಎಚ್ಚರ ಪೆಟ್ಟಿಗೆಯಲ್ಲಿ ಇಟ್ಟಳು. ಅವು ಏಳುವ ತನಕ ಯಾರಿಗೂ ಏನೂ ಹೇಳಬಾರದೆಂದು ತೀರ್ಮಾನಿಸಿದಳು.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಒಂದು ಚಿಪ್ಪಿನ ಬಿರಡೆ ಕಳಚಿತ್ತು. ಅದರ ಪಕ್ಕದ್ದೂ ಬಾಯಿ ತೆರೆದಿತ್ತು. ಎರಡೂ ಎಳೆಗಳನ್ನು ಚಾಚಿ ನೀರಿನಲ್ಲಿ ತಡಕಾಡುತ್ತಿದ್ದವು. ತಡಕಾಡುತ್ತಾ ಒಂದರ ಎಳೆ ಇನ್ನೊಂದರ ಎಳೆಗೆ ತಾಕಿತು, ತಾಕಿದ್ದು ಹಿಂದೆ ಸರಿಯಲಿಲ್ಲ. ದಾಕ್ಷಾಯಣಿಯ ಕಣ್ಣಲ್ಲಿ ನೀರು ತುಂಬಿ ಸೂಕ್ಷ್ಮದರ್ಶಕದ ಗಾಜು ಮಂಜಾಯಿತು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಮಾದೇವಿಗೆ ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಫೋನು ಬಂತು. ಗುರುಪಾದನ ಧ್ವನಿ ದೂರದಿಂದ ಕೇಳಿಸಿತು. ಅವನು ದಿನವೂ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದ.

"ಏನರ ಸಿಕ್ತೇನ ದಾಕ್ಷಾ?"

ಅವಳು ಕೆಳಗಿನ ದೀಪವನ್ನು ಇನ್ನಷ್ಟು ಸಣ್ಣದು ಮಾಡಿದಳು.

"ಇನ್ನೂ ನೋಡಾಕತ್ತೀನ್ರಿ," ಎಂದಳು.

ಅವಳ ಧ್ವನಿ ಅವನಿಗೆ ಗೊತ್ತು. ನೋಡು, ಅವಸರ ಮಾಡಬೇಡ ಎಂದು ಹೇಳಿ ಅವನು ಫೋನು ಇಟ್ಟ.

ಮಧ್ಯಾಹ್ನದ ಊಟಕ್ಕೆ ಕರೆಯುವ ತನಕ ಅವಳು ಹಡಗಿನ ಪ್ರಯೋಗಾಲಯದ ಬಾಗಿಲು ತೆರೆಯಲಿಲ್ಲ. ಅಷ್ಟು ಹೊತ್ತು ಅವು ಎದ್ದಿವೆಯೆಂದು ಈ ಜಗತ್ತಿನಲ್ಲಿ ಬಲ್ಲವರು ಅವಳ ಹೊರತು ಯಾರೂ ಇರಲಿಲ್ಲ.